ಕಾವಲಿನ ನಾಯಿ, ಕಣಜದ ಬೆಕ್ಕು: ಗಾಯ, ಮೂಳೆಮುರಿತ ಮತ್ತು ಶಸ್ತ್ರಚಿಕಿತ್ಸೆ

ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಲ್ಲಿ ಮುಂಗಾರಿನ ಗೋವಿನಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಕಾವಲಿನ ಅಟ್ಟಣಿಗೆಯ ಕೆಳಗೆ ಒಂದು ನಾಯಿ ಮಲಗಿರುವುದನ್ನು ಕಾಣುತ್ತೇವೆ. ಕಾಡುಹಂದಿಯ ಹಿಂಡು ಒಂದು ರಾತ್ರಿಯಲ್ಲಿ ತುಳಿದು ಕೆಡಿಸುವ ಬೆಳೆಯ ಲೆಕ್ಕ ಹಾಕಿದರೆ ಆ ನಾಯಿಗೆ ಹಾಕುವ ಅನ್ನ ಬಹಳ ಅಗ್ಗವಾದದ್ದು. ಒಕ್ಕಣೆ ಮುಗಿದು ಕಾಳು ಮನೆ ಸೇರಿದ ಮೇಲೆ ಚೀಲ ಕೊರೆಯುವ ಇಲಿಗಳನ್ನು ಹದ್ದಿನಲ್ಲಿಡುವುದು ಬೆಕ್ಕು. ಎತ್ತು ಕುಂಟಿದರೆ ಅದೇ ದಿನ ದವಾಖಾನೆಗೆ ಹೊಡೆದುಕೊಂಡು ಹೋಗುವ ನಮ್ಮ ರೈತರು ನಾಯಿಗೆ ಗಾಯವಾದರೆ ಮಾತ್ರ ತಾನೇ ನೆಕ್ಕಿಕೊಂಡು ವಾಸಿ ಮಾಡಿಕೊಳ್ಳುತ್ತದೆ ಎಂದು ಬಿಟ್ಟುಬಿಡುತ್ತಾರೆ. ಕೆಲವು ಗಾಯಗಳು ಹಾಗೆ ವಾಸಿಯಾಗುವುದೂ ಉಂಟು. ಯಾವುದು ತಾನಾಗಿ ಮಾಯುತ್ತದೆ, ಯಾವುದಕ್ಕೆ ಶಸ್ತ್ರಚಿಕಿತ್ಸೆ ಬೇಕು, ಯಾವುದಕ್ಕೆ ಅದೇ ದಿನವೇ ಬೇಕು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ನಾನು ಬೇಸಾಯಶಾಸ್ತ್ರದ ಉಪನ್ಯಾಸಕ. ಕತ್ತರಿ, ಸೂಜಿ ಹಿಡಿಯುವವನಲ್ಲ. ಆದರೆ ಬೆಳೆ ನೋಡಲು ಹೋದಲ್ಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಕೆಲವು ವರ್ಷಗಳ ಹಿಂದೆ ಹಿರೇಕೆರೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗೋವಿನಜೋಳದ ಎಲೆ ಬಿಳಿಚಿಕೊಂಡದ್ದನ್ನು ಪರೀಕ್ಷಿಸುತ್ತಿದ್ದಾಗ ಹೊಲದ ಯಜಮಾನರು, "ಸಾಹೇಬ್ರ, ಗೊಬ್ಬರದ ಮಾತು ಆಮ್ಯಾಲಿರ್ಲಿ. ಈ ನಾಯಿಗೆ ಏನರ ಮಾಡಾಕ ಬರ್ತೈತೇನ್ರಿ?" ಎಂದರು. ಬಂಡಿಯ ನೆರಳಿನಲ್ಲಿ ಮಲಗಿದ್ದ ನಾಯಿಯ ಪಕ್ಕೆಯನ್ನು ಮೂರು ದಿನಗಳ ಹಿಂದೆ ಹಂದಿ ಸೀಳಿತ್ತು. ಗಾಯದ ತುಂಬ ಮೆಣಸಿನ ಪುಡಿ, ಅದರ ಮೇಲೆ ಟ್ರ್ಯಾಕ್ಟರಿನಿಂದ ತೆಗೆದ ಹಳೆಯ ಎಣ್ಣೆ. ತಾಲ್ಲೂಕಿನ ಪಶು ಆಸ್ಪತ್ರೆಗೆ ಒಯ್ದೆವು. ವೈದ್ಯರಿಗೆ ಆ ಮೆಣಸಿನಪುಡಿ, ಎಣ್ಣೆ ಮತ್ತು ಸತ್ತ ಮಾಂಸವನ್ನು ತೆಗೆಯುವುದಕ್ಕೇ ಒಂದು ತಾಸಿಗಿಂತ ಹೆಚ್ಚು ಹಿಡಿಯಿತು. ಹೊಲಿಗೆ ಹಾಕಿದ್ದು ಐದು ದಿನ ಬಿಟ್ಟು. ನಾಯಿ ಬದುಕಿತು. "ಅವತ್ತೇ ತಂದಿದ್ದರೆ ಅರ್ಧ ತಾಸಿನ ಕೆಲಸ" ಎಂದು ವೈದ್ಯರು ಹೇಳಿದ್ದು ನನ್ನ ತಲೆಯಲ್ಲಿ ಉಳಿಯಿತು. ಮುಂದೆ ಬರೆದಿರುವುದು ಪಶುವೈದ್ಯ ಮಿತ್ರರನ್ನು ಕೇಳಿ, ಅವರ ಕೆಲಸವನ್ನು ಹತ್ತಿರದಿಂದ ನೋಡಿ ತಿಳಿದುಕೊಂಡದ್ದು.

ಹೊಲದಲ್ಲಿ ಆಗುವ ಗಾಯಗಳು

ಹಂದಿಯ ಕೋರೆಹಲ್ಲಿನ ಗಾಯ ನೋಡುವವರ ಕಣ್ಣನ್ನು ಮೋಸಗೊಳಿಸುತ್ತದೆ. ಹೊರಗೆ ಎರಡು ಬೆರಳಗಲದ ತೂತು ಕಂಡರೆ ಒಳಗೆ ಚರ್ಮ ಮಾಂಸದಿಂದ ಅಂಗೈಯಗಲ ಬೇರ್ಪಟ್ಟಿರುತ್ತದೆ. ಮಣ್ಣು, ಕೂದಲು, ಹಂದಿಯ ಬಾಯಿಯ ಹೊಲಸು ಆ ಚೀಲದಂಥ ಜಾಗದಲ್ಲಿ ಸೇರಿಕೊಂಡಿರುತ್ತವೆ. ಗಾಯವಾಗಿ ಸುಮಾರು 6 ರಿಂದ 8 ತಾಸುಗಳ ಒಳಗೆ ತಂದರೆ ಚೆನ್ನಾಗಿ ತೊಳೆದು, ಹರಿದ ಅಂಚನ್ನು ಕತ್ತರಿಸಿ, ಪದರಪದರವಾಗಿ ಹೊಲಿದುಬಿಡಬಹುದು. ಆ ಹೊತ್ತು ಮೀರಿದ ಮೇಲೆ ರೋಗಾಣುಗಳು ಮಾಂಸದೊಳಗೆ ಬೇರೂರುತ್ತವೆ. ಆಗ ಮೇಲಿಂದ ಹೊಲಿದರೆ ಕೀವಿನ ಗಡಿಗೆಗೆ ಮುಚ್ಚಳ ಹಾಕಿದಂತೆ. ಆದ್ದರಿಂದಲೇ ವೈದ್ಯರು ಹಳೆಯ ಗಾಯವನ್ನು ಹೊಲಿಯದೆ ತೆರೆದಿಟ್ಟು ಕೆಲವು ದಿನ ತೊಳೆದು, ಒಳಗೆ ಕೆಂಪಾದ ಹೊಸ ಮಾಂಸ ಕಂಡ ಮೇಲೆ ಹೊಲಿಯುತ್ತಾರೆ; ಇಲ್ಲವೆ ಕೀವು ಬಸಿಯಲು ರಬ್ಬರ್ ನಳಿಕೆ ಇಟ್ಟು ಹೊಲಿಯುತ್ತಾರೆ. "ದವಾಖಾನೆಗೆ ಹೋದರೂ ಹೊಲಿಗೆ ಹಾಕಲಿಲ್ಲ" ಎಂದು ಸಿಟ್ಟಾಗುವವರು ಇದನ್ನು ತಿಳಿದುಕೊಳ್ಳಬೇಕು. ಗದ್ದೆಯಲ್ಲಿ ನೀರು ಬಸಿಯದೆ ಬೀಜ ಬಿತ್ತದ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು ಸ್ವಲ್ಪವೇ. ರಕ್ತ ಹರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ 5 ರಿಂದ 10 ನಿಮಿಷ ಒತ್ತಿ ಹಿಡಿಯಬೇಕು. ನಡುನಡುವೆ ಎತ್ತಿ ನೋಡಿದರೆ ಹೆಪ್ಪುಗಟ್ಟಿದ ರಕ್ತ ಕಿತ್ತುಬರುತ್ತದೆ. ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ ಕುದಿಸಿ ಆರಿಸಿದ ನೀರಿನಿಂದ ಧಾರಾಳವಾಗಿ ತೊಳೆದು, ಒದ್ದೆ ಬಟ್ಟೆ ಮುಚ್ಚಿ ಒಯ್ಯಬೇಕು. ಹೊಟ್ಟೆ ಸೀಳಿ ಕರುಳು ಹೊರಬಂದಿದ್ದರೆ ಒಳಗೆ ತುರುಕಲು ಹೋಗಬಾರದು. ಅದೇ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯಿಂದ ಸುತ್ತಿ, ನಾಯಿ ಅದನ್ನು ಕಚ್ಚದಂತೆ ನೋಡಿಕೊಂಡು, ತಡಮಾಡದೆ ಹೊರಡಬೇಕು. ಕರುಳು ಹೊರಬಂದ ನಾಯಿಗಳೂ ಬದುಕಿವೆ. ಕರುಳು ಒಣಗಿದರೆ, ಮಣ್ಣು ಮೆತ್ತಿದರೆ ಮಾತ್ರ ಕೆಲಸ ಕಷ್ಟವಾಗುತ್ತದೆ.

ಹಂದಿಗೆಂದು ಒಡ್ಡಿದ ತಂತಿಯ ಉರುಲು ಎರಡನೆಯ ಪಿಡುಗು. ಮೋಟಾರು ಸೈಕಲ್ಲಿನ ಕ್ಲಚ್ ವೈರಿನ ಕುಣಿಕೆಗೆ ಹಂದಿಗಿಂತ ಮೊದಲು ಬೀಳುವುದು ಅನೇಕ ಸಲ ಹೊಲ ಕಾಯುವ ನಾಯಿಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಉರುಲು ಒಡ್ಡುವುದು ಅಪರಾಧ. ಬೇಲಿಗೆ ನೇರ ವಿದ್ಯುತ್ ಹರಿಸುವುದೂ, ಸಿಡಿಮದ್ದು ಇಡುವುದೂ ಅಪರಾಧವೇ. ಸಿಡಿಮದ್ದು ಕಚ್ಚಿದ ನಾಯಿಯ ದವಡೆಯನ್ನು ಸರಿಪಡಿಸುವುದು ಎಷ್ಟೋ ಸಲ ಯಾರಿಂದಲೂ ಆಗದು. ಉರುಲಿನ ತಂತಿ ಕುತ್ತಿಗೆಯಲ್ಲೋ ಕಾಲಿನಲ್ಲೋ ಹುದುಗಿದ್ದರೆ ಎಳೆದು ಕೀಳಬಾರದು. ಉದ್ದದ ತುದಿಯನ್ನು ಕತ್ತರಿಸಿ ಹುದುಗಿದ ಭಾಗವನ್ನು ಹಾಗೆಯೇ ಬಿಟ್ಟು ವೈದ್ಯರಲ್ಲಿಗೆ ತರಬೇಕು. ಇದೇ ಬಗೆಯ ಇನ್ನೊಂದು ಗಾಯವನ್ನು ನಾವೇ ಮಾಡುತ್ತೇವೆ. ಮರಿಯಿದ್ದಾಗ ಕೊರಳಿಗೆ ಕಟ್ಟಿದ ಹಗ್ಗವನ್ನು ಮರೆತರೆ ಮರಿ ಬೆಳೆದಂತೆ ಹಗ್ಗ ಚರ್ಮ ಕೊರೆದು ಒಳಗೆ ಸೇರುತ್ತದೆ. ವಾಸನೆ ಬಂದು ನೊಣ ಮುತ್ತಿದ ಮೇಲೆಯೇ ನಮಗೆ ಗೊತ್ತಾಗುವುದು. ಬೆಳೆಯುವ ಮರಿಯ ಕೊರಳಪಟ್ಟಿಯೊಳಗೆ ಎರಡು ಬೆರಳು ಹೋಗುತ್ತವೆಯೇ ಎಂದು ವಾರಕ್ಕೊಮ್ಮೆ ನೋಡಿದರೆ ಸಾಕು.

ಹುಳು ಬಿದ್ದ ಗಾಯಕ್ಕೆ ಹೊಲದ ಔಷಧಿ ಹಾಕುವ ರೂಢಿಯ ಬಗ್ಗೆ ನನ್ನ ಸ್ವಂತ ವಿಷಯವಾದ್ದರಿಂದ ಗಟ್ಟಿಯಾಗಿಯೇ ಹೇಳಬಲ್ಲೆ. ಫೋರೇಟ್ ಹರಳು 2020ರ ಡಿಸೆಂಬರ್ ಕೊನೆಯಿಂದ ನಮ್ಮ ದೇಶದಲ್ಲಿ ನಿಷೇಧವಾಗಿದೆ. ಆದರೂ ಹಳೆಯ ಡಬ್ಬಿ ಮನೆಯ ಮೂಲೆಯಲ್ಲಿ ಉಳಿದಿರುವುದನ್ನು ಕಂಡಿದ್ದೇನೆ. ಗಾಯದ ಮೂಲಕ ಅದು ನೇರವಾಗಿ ರಕ್ತಕ್ಕೆ ಸೇರುತ್ತದೆ. ಹುಳುವಿನೊಂದಿಗೆ ನಾಯಿಯೂ ಸಾಯುತ್ತದೆ. ಉಣ್ಣೆಗೆಂದು ನಾಯಿಯ ಮೈಗೆ ಬಳಿಯುವ ಪರ್ಮೆಥ್ರಿನ್, ಸೈಪರ್ಮೆಥ್ರಿನ್ ಜಾತಿಯ ಔಷಧಿಗಳು ಬೆಕ್ಕಿಗೆ ಕಡುವಿಷ. ಫಿನಾಯಿಲ್ ಕೂಡ ಹಾಗೆಯೇ. ಬೆಕ್ಕು ಮೈಯನ್ನೆಲ್ಲ ನೆಕ್ಕಿಕೊಳ್ಳುವ ಪ್ರಾಣಿ, ಅದರ ಯಕೃತ್ತಿಗೆ ಇಂಥ ವಸ್ತುಗಳನ್ನು ಅರಗಿಸುವ ಶಕ್ತಿ ಇಲ್ಲ. ಹುಳುಗಳನ್ನು ವೈದ್ಯರು ಚಿಮುಟದಿಂದ ಒಂದೊಂದಾಗಿ ತೆಗೆದು, ಸತ್ತ ಮಾಂಸ ಕತ್ತರಿಸಿ, ತಕ್ಕ ಔಷಧಿ ಕೊಡುತ್ತಾರೆ. ಇದು ನಾವು ತಿಳಿದಷ್ಟು ದೊಡ್ಡ ಕೆಲಸವಲ್ಲ.

ಮೂಳೆ ಮುರಿದರೆ

ಶಿಗ್ಗಾವಿ ತಾಲ್ಲೂಕಿನ ನಡುವೆ ಹಾಯ್ದು ಹೋಗುವ ರಾಷ್ಟ್ರೀಯ ಹೆದ್ದಾರಿ 48, ಅಂದರೆ ನಮ್ಮ ಹಿರಿಯರ ನಾಲ್ಕನೆಯ ನಂಬರಿನ ರಸ್ತೆ, ನಾಯಿಗಳ ಮಟ್ಟಿಗೆ ದೊಡ್ಡ ಗಂಡಾಂತರ. ಹಳ್ಳಿಯೊಳಗೆ ಟ್ರ್ಯಾಕ್ಟರಿನ ಟ್ರೇಲರ್ ಇದ್ದೇ ಇದೆ. ಇಲ್ಲಿ ರೈತರು ತಿಳಿಯಬೇಕಾದ ನಿಯಮ ಒಂದೇ: ಮುರಿದ ಮೂಳೆ ಕೂಡಬೇಕಾದರೆ ಅದರ ಮೇಲಿನ ಕೀಲು ಮತ್ತು ಕೆಳಗಿನ ಕೀಲು ಎರಡೂ ಅಲುಗಾಡಬಾರದು. ಮುಂಗೈ ಮೂಳೆ, ಹಿಂಗಾಲಿನ ಮೊಣಕಾಲ ಕೆಳಗಿನ ಮೂಳೆ ಮುರಿದರೆ ಪ್ಲಾಸ್ಟರ್ ಪಟ್ಟಿಯಿಂದ ಎರಡೂ ಕೀಲುಗಳನ್ನು ಹಿಡಿದಿಡಬಹುದು. ತೊಡೆಯ ಮೂಳೆ ಮುರಿದರೆ ಮೇಲಿನ ಕೀಲು ಸೊಂಟದಲ್ಲಿದೆ, ಅದಕ್ಕೆ ಪಟ್ಟಿ ಸುತ್ತುವುದು ಹೇಗೆ? ಸುತ್ತಿದ ಪಟ್ಟಿಯ ಭಾರ ಮುರಿದ ಜಾಗದಲ್ಲಿ ಇನ್ನಷ್ಟು ಜಗ್ಗುತ್ತದೆ. ಆದ್ದರಿಂದ ತೊಡೆ ಮತ್ತು ತೋಳಿನ ಮೂಳೆಗಳಿಗೆ ಶಸ್ತ್ರಚಿಕಿತ್ಸೆಯೇ ದಾರಿ. ಮೂಳೆಯ ನಡುವಿನ ಪೊಳ್ಳಿನಲ್ಲಿ ಉಕ್ಕಿನ ಸರಳು ಹಾಯಿಸುತ್ತಾರೆ, ಇಲ್ಲವೆ ಮೂಳೆಯ ಮೇಲೆ ಉಕ್ಕಿನ ಪಟ್ಟಿ ಇಟ್ಟು ಸ್ಕ್ರೂ ಬಿಗಿಯುತ್ತಾರೆ, ಇಲ್ಲವೆ ಚರ್ಮದ ಹೊರಗಿನಿಂದ ಸರಳು ಚುಚ್ಚಿ ಹೊರಗಡೆಯೇ ಒಂದು ಚೌಕಟ್ಟಿಗೆ ಕಟ್ಟುತ್ತಾರೆ. ಈ ಕೊನೆಯ ವಿಧಾನಕ್ಕೆ ಸ್ವಾರಸ್ಯವಾದ ಚರಿತ್ರೆಯಿದೆ. ಅಮೆರಿಕೆಯ ಪಶುವೈದ್ಯ ಆಟೋ ಸ್ಟೇಡರ್ ಎಂಬುವರು 1930ರ ದಶಕದಲ್ಲಿ ನಾಯಿಗಳಿಗೆಂದು ರೂಪಿಸಿದ ಇಂಥ ಚೌಕಟ್ಟನ್ನು ಎರಡನೆಯ ಮಹಾಯುದ್ಧದಲ್ಲಿ ಆ ದೇಶದ ನೌಕಾಪಡೆಯ ವೈದ್ಯರು ಗಾಯಗೊಂಡ ಸೈನಿಕರಿಗೆ ಬಳಸಿದರು. ನಾಯಿಗೆ ಮಾಡಿದ ಚಿಕಿತ್ಸೆ ಮನುಷ್ಯನಿಗೆ ಬಂತು.

ನಮ್ಮ ಮನೆಯಲ್ಲೇ ನಡೆದ ತಪ್ಪನ್ನು ಇಲ್ಲಿ ಹೇಳಬೇಕು. ನಾನು ವಿದ್ಯಾರ್ಥಿಯಾಗಿದ್ದಾಗ ನಮ್ಮ ನಾಯಿಯ ಮುಂಗಾಲು ಬಂಡಿಯ ಗಾಲಿಗೆ ಸಿಕ್ಕು ಮುರಿಯಿತು. ಬಿದಿರಿನ ದಬ್ಬೆ ಇಟ್ಟು ಬಟ್ಟೆಯಿಂದ ಬಿಗಿಯಾಗಿ ಕಟ್ಟಿದವನು ನಾನೇ. ಎಷ್ಟು ಬಿಗಿಯೋ ಅಷ್ಟು ಒಳ್ಳೆಯದು ಎಂದು ತಿಳಿದಿದ್ದೆ. ಎರಡನೆಯ ದಿನ ಅದು ಕಟ್ಟನ್ನು ಕಚ್ಚತೊಡಗಿತು, ಹೊಡೆದು ಸುಮ್ಮನಾಗಿಸಿದೆ. ನಾಲ್ಕನೆಯ ದಿನ ಸುಮ್ಮನಾಯಿತು. ನೋವು ಕಡಿಮೆಯಾಯಿತೆಂದು ಎಲ್ಲರೂ ಸಂತೋಷಪಟ್ಟೆವು. ಬಿಚ್ಚಿ ನೋಡಿದಾಗ ಪಾದ ಕಪ್ಪಾಗಿ ತಣ್ಣಗಾಗಿತ್ತು. ಮೂಳೆ ಕೂಡಬಹುದಾಗಿದ್ದ ಕಾಲನ್ನು ರಕ್ತ ನಿಲ್ಲಿಸಿ ಕೊಂದವನು ನಾನು. ಕಾಲನ್ನು ಭುಜದ ಬಳಿ ತೆಗೆಯಬೇಕಾಯಿತು. ಮೂರು ಕಾಲಿನಲ್ಲೇ ಅದು ಮತ್ತೆ ಆರು ವರ್ಷ ಕಣ ಕಾಯಿತು ಎಂಬುದು ಬೇರೆ ಮಾತು. ಮೂರು ಕಾಲಿನ ನಾಯಿ ಚೆನ್ನಾಗಿಯೇ ಓಡಾಡುತ್ತದೆ, ಕಾಲು ತೆಗೆಯಬೇಕೆಂದು ವೈದ್ಯರು ಹೇಳಿದರೆ ಅದಕ್ಕಾಗಿ ನಾಯಿಯನ್ನೇ ಕೈಬಿಡಬೇಕಾಗಿಲ್ಲ. ಕಟ್ಟು ಹಾಕಿದ ಕಾಲಿನ ಬೆರಳುಗಳು ಕಾಣುವಂತಿರಬೇಕು. ದಿನಕ್ಕೆ ಎರಡು ಸಲ ಮುಟ್ಟಿ ನೋಡಬೇಕು. ಬೆರಳು ಊದಿದರೆ, ತಣ್ಣಗಾದರೆ, ವಾಸನೆ ಬಂದರೆ, ನಾಯಿ ಕಟ್ಟನ್ನು ಬಿಡದೆ ಕಚ್ಚಿದರೆ ಆ ದಿನವೇ ಬಿಚ್ಚಿಸಬೇಕು.

ಸೊಂಟದ ಮೂಳೆ ಒಡೆದ ನಾಯಿ ಹಿಂಗಾಲು ಎಳೆಯುವುದನ್ನು ಕಂಡು ಬೆನ್ನು ಮುರಿದಿದೆ, ಇನ್ನು ಮುಗಿಯಿತು ಎಂದು ಆಸೆ ಬಿಡುವವರು ಬಹಳ. ಎಕ್ಸ್‌ರೇ ತೆಗೆಸದೆ ಹೀಗೆ ತೀರ್ಮಾನಿಸಬಾರದು. ಭಾರ ಹೊರುವ ಭಾಗ ಕೆಡದಿದ್ದರೆ ಅನೇಕ ಸೊಂಟದ ಮುರಿತಗಳು ಇಕ್ಕಟ್ಟಾದ ಜಾಗದಲ್ಲಿ 4 ರಿಂದ 6 ವಾರ ಅಲುಗಾಡದಂತೆ ಇರಿಸಿದರೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ಕೂಡಿಕೊಳ್ಳುತ್ತವೆ. ಕಾಲ್ಬೆರಳನ್ನು ಗಟ್ಟಿಯಾಗಿ ಹಿಚುಕಿದಾಗ ನಾಯಿ ತಿರುಗಿ ನೋಡಿದರೆ ಅಥವಾ ಕೂಗಿದರೆ ಬೆನ್ನುಹುರಿ ಪೂರ್ತಿ ಹೋಗಿಲ್ಲ ಎಂಬ ಭರವಸೆ ಇಟ್ಟುಕೊಳ್ಳಬಹುದು.

ಬೆಂಡು ನುಂಗಿದ ನಾಯಿ

ಕಾಳು ಬಿಡಿಸಿದ ಗೋವಿನಜೋಳದ ತೆನೆಯ ಬೆಂಡು ನಮ್ಮ ಭಾಗದ ಪ್ರತಿ ಕಣದಲ್ಲೂ ರಾಶಿ ಬಿದ್ದಿರುತ್ತದೆ. ಬೆಣ್ಣೆ, ತುಪ್ಪ ಸವರಿದ ಸುಟ್ಟ ತೆನೆಯ ಬೆಂಡಾದರಂತೂ ನಾಯಿ ಬಿಡುವುದಿಲ್ಲ. ಬೆಂಡು ನಾಯಿಯ ಹೊಟ್ಟೆಯಲ್ಲಿ ಕರಗುವುದಿಲ್ಲ. ತುಂಡಾಗಿ ಸಣ್ಣ ಕರುಳಿಗೆ ಇಳಿದು ಬಿರಡೆಯಂತೆ ಕೂತುಬಿಡುತ್ತದೆ. ನಾಯಿ ಅನ್ನ ಬಿಡುತ್ತದೆ, ನೀರು ಕುಡಿದರೂ ವಾಂತಿ ಮಾಡುತ್ತದೆ, ಬೆನ್ನು ಬಾಗಿಸಿ ನಿಲ್ಲುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಕಂಡಷ್ಟು ಸ್ಪಷ್ಟವಾಗಿ ಬೆಂಡು ಕಾಣುವುದಿಲ್ಲವಾದ್ದರಿಂದ "ಕಣದಲ್ಲಿ ಬೆಂಡು ತಿಂದಿರಬಹುದು" ಎಂದು ನೀವು ಹೇಳುವ ಒಂದು ಮಾತು ವೈದ್ಯರಿಗೆ ದೊಡ್ಡ ಸಹಾಯ. ಹರಳೆಣ್ಣೆ ಕುಡಿಸಿ ಹೊರಡಿಸುವ ಪ್ರಯತ್ನ ಬೇಡ. ಮುಂದೆ ದಾರಿಯಿಲ್ಲದ ಕರುಳು ಒತ್ತಡಕ್ಕೆ ಒಡೆಯಬಹುದು. ಬೇಗ ತಂದರೆ ಕರುಳನ್ನು ಸ್ವಲ್ಪ ಸೀಳಿ ಬೆಂಡು ತೆಗೆದು ಹೊಲಿಯುತ್ತಾರೆ. ತಡವಾದರೆ ಕಪ್ಪಾದ ಕರುಳಿನ ತುಂಡನ್ನೇ ಕತ್ತರಿಸಿ ಎರಡು ತುದಿಗಳನ್ನು ಕೂಡಿಸಬೇಕಾಗುತ್ತದೆ. ಅದರಲ್ಲಿ ಅಪಾಯ ಹೆಚ್ಚು.

ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂಬ ದೂರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಬಾಯಿ ಮುಚ್ಚಲಾಗದೆ, ಜೊಲ್ಲು ಸುರಿಸುತ್ತ, ನುಂಗಲಾರದೆ, ಧ್ವನಿ ಬದಲಾಗಿರುವ ನಾಯಿಗೆ ಹುಚ್ಚು, ಅಂದರೆ ರೇಬೀಸ್ ಇರಬಹುದು. ಹುಚ್ಚು ನಾಯಿ ಎಂದರೆ ಓಡಾಡಿ ಕಚ್ಚುವುದು ಮಾತ್ರವೆಂದು ತಿಳಿದಿದ್ದೇವೆ. ಸುಮ್ಮನೆ ದವಡೆ ಜೋತುಬೀಳುವ ಬಗೆಯೂ ಇದೆ. ಮೂಳೆ ತೆಗೆಯಲೆಂದು ಬಾಯಿಗೆ ಕೈ ಹಾಕಲೇಬಾರದು. ಜೊಲ್ಲು ಗಾಯಕ್ಕೆ ತಾಗಿದ್ದರೆ ಅಥವಾ ನಾಯಿ ಕಚ್ಚಿದ್ದರೆ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಪ್ರಾರಂಭಿಸಬೇಕು. ರೋಗ ಕಾಣಿಸಿಕೊಂಡ ಮೇಲೆ ಮನುಷ್ಯರನ್ನು ಉಳಿಸುವುದು ಸಾಧ್ಯವಿಲ್ಲವೆಂದೇ ಹೇಳಬೇಕು. ಕಾವಲು ನಾಯಿಗೆ ಮರಿಯಾಗಿದ್ದಾಗ ಮೂರು ತಿಂಗಳಿಗೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷವರ್ಷವೂ ಲಸಿಕೆ ಹಾಕಿಸಿದ್ದರೆ ಗಾಯವಾದಾಗ ಅದನ್ನು ಮುಟ್ಟುವವರಿಗೆಲ್ಲ ಧೈರ್ಯ.

ಬೆಕ್ಕಿನ ವಿಷಯ

ಬೆಕ್ಕು ನೋವನ್ನು ಮುಚ್ಚಿಡುತ್ತದೆ, ಆದ್ದರಿಂದ ತಡವಾಗುತ್ತದೆ. ಹಂಚಿನ ಮೇಲಿಂದಲೋ ಅಟ್ಟದಿಂದಲೋ ಬಿದ್ದ ಬೆಕ್ಕಿನ ಕೆಳದವಡೆ ಗದ್ದದ ನಡುವೆ ಸೀಳುವುದು ಸಾಮಾನ್ಯ. ಒಂದು ಸುತ್ತು ಉಕ್ಕಿನ ತಂತಿ ಬಿಗಿದರೆ ಕೆಲವೇ ವಾರಗಳಲ್ಲಿ ಕೂಡಿಕೊಳ್ಳುತ್ತದೆ, ಇದು ಸಣ್ಣ ಶಸ್ತ್ರಚಿಕಿತ್ಸೆ. ವಾಹನ ತಾಗಿದ ಬೆಕ್ಕಿನ ಮೈಮೇಲೆ ಗಾಯವೇ ಇಲ್ಲದೆ ಅದು ಮೊಣಕೈ ಅಗಲಿಸಿ ಕೂತು ಏದುಸಿರು ಬಿಡುತ್ತಿದ್ದರೆ ಎದೆ ಮತ್ತು ಹೊಟ್ಟೆಯ ನಡುವಿನ ಪರದೆ ಹರಿದು ಕರುಳು, ಯಕೃತ್ತು ಎದೆಯೊಳಗೆ ಸೇರಿರಬಹುದು. ಹೆಚ್ಚು ಹಿಡಿದಾಡದೆ, ರಟ್ಟಿನ ಪೆಟ್ಟಿಗೆಯಲ್ಲಿ ಗಾಳಿಯಾಡುವಂತೆ ಇಟ್ಟು ಒಯ್ಯಬೇಕು.

ಗಂಡು ಬೆಕ್ಕು ಮತ್ತೆ ಮತ್ತೆ ಕುಕ್ಕರಿಸಿ ತಿಣುಕುತ್ತಿದ್ದರೆ ಮಲಬದ್ಧತೆ ಎಂದು ಎಣ್ಣೆ ಕುಡಿಸುತ್ತೇವೆ. ಬಹಳ ಸಲ ಕಟ್ಟಿರುವುದು ಮೂತ್ರ. ಮೂತ್ರನಾಳದಲ್ಲಿ ಮರಳಿನಂಥ ಕಣಗಳು ಕೂತು ದಾರಿ ಮುಚ್ಚಿದರೆ ಒಂದು ದಿನದಲ್ಲಿ ವಾಂತಿ ಸುರುವಾಗಿ ಎರಡು ಮೂರು ದಿನಗಳಲ್ಲಿ ಸಾವು ಬರುತ್ತದೆ. ವೈದ್ಯರು ಸಣ್ಣ ನಳಿಕೆ ಹಾಕಿ ತೆರವು ಮಾಡುತ್ತಾರೆ. ಪದೇಪದೇ ಕಟ್ಟುವ ಬೆಕ್ಕಿಗೆ ಶಸ್ತ್ರಚಿಕಿತ್ಸೆಯಿಂದ ಅಗಲವಾದ ಹೊಸ ದ್ವಾರ ಮಾಡುತ್ತಾರೆ.

ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಬೆಕ್ಕಿಗೆ ಎಂದೂ ಕೊಡಬಾರದು. 500 ಮಿಲಿಗ್ರಾಮಿನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ನಾಯಿಗೆ ಐಬುಪ್ರೊಫೇನ್, ಡೈಕ್ಲೊಫೆನಾಕ್ ಕೊಟ್ಟರೆ ಹೊಟ್ಟೆಯಲ್ಲಿ ರಕ್ತ ಸ್ರಾವವಾಗಿ ಮೂತ್ರಪಿಂಡ ಕೆಡುತ್ತದೆ.

ಗಾಯವಲ್ಲದ ಬೇನೆಗಳು

ಮರಿಯ ಹೊಕ್ಕುಳಲ್ಲಿ ಮೆತ್ತಗಿನ ಗಂಟು ಕಂಡು ಒತ್ತಿದರೆ ಒಳಗೆ ಹೋಗುತ್ತಿದ್ದರೆ ಅವಸರವಿಲ್ಲ; ಗಟ್ಟಿಯಾಗಿ ನೋವಾದರೆ ಅವಸರ. ಕಿವಿ ಝಾಡಿಸಿ ಝಾಡಿಸಿ ಕಿವಿಯೊಳಗೆ ರಕ್ತ ತುಂಬಿ ಉಬ್ಬಿದರೆ ಸೀಳಿ ಬಸಿದು ಅಲ್ಲಲ್ಲಿ ಹೊಲಿಗೆ ಹಾಕುತ್ತಾರೆ, ಜೊತೆಗೆ ಕಿವಿಯ ಕಜ್ಜಿಗೂ ಔಷಧಿ ಆಗಬೇಕು. ಹೆಣ್ಣು ನಾಯಿ ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ಅತಿಯಾಗಿ ನೀರು ಕುಡಿದು, ಅನ್ನ ಬಿಟ್ಟು, ಹೊಟ್ಟೆ ಉಬ್ಬಿದರೆ ಗರ್ಭಕೋಶದಲ್ಲಿ ಕೀವು ತುಂಬಿರುವ ಸಂಭವವಿದೆ. ಕೀವು ಹೊರಗೆ ಬಾರದಿದ್ದರೆ ಅಪಾಯ ಇನ್ನೂ ಹೆಚ್ಚು. ಗರ್ಭಕೋಶ ತೆಗೆಯುವುದೇ ಇದಕ್ಕೆ ಸರಿಯಾದ ಚಿಕಿತ್ಸೆ. ಮರಿ ಬೇಡದ ಹೆಣ್ಣು ನಾಯಿಗೆ ಆರೋಗ್ಯವಾಗಿದ್ದಾಗಲೇ ಸಂತಾನಹರಣ ಮಾಡಿಸಿದರೆ ಈ ಬೇನೆ ಬರುವುದಿಲ್ಲ, ಕೆಚ್ಚಲ ಗಡ್ಡೆಯೂ ಕಡಿಮೆ.

ಜನನಾಂಗದಲ್ಲಿ ಹೂಕೋಸಿನಂಥ ಗಡ್ಡೆಯಾಗಿ ರಕ್ತ ತೊಟ್ಟಿಕ್ಕುವುದು ಊರ ನಾಯಿಗಳ ಜೊತೆ ಸೇರುವ ನಾಯಿಗಳಲ್ಲಿ ಬಹಳ. ಇದಕ್ಕೆ ಚಾಕು ಬೇಕಾಗುವುದು ಅಪರೂಪ. ವಿನ್‌ಕ್ರಿಸ್ಟಿನ್ ಎಂಬ ಚುಚ್ಚುಮದ್ದನ್ನು ವಾರಕ್ಕೊಂದರಂತೆ ಕೆಲವು ವಾರ ಕೊಟ್ಟರೆ ಹೆಚ್ಚಿನವು ಕರಗಿಹೋಗುತ್ತವೆ. ಈ ಔಷಧಿ ಸಿಕ್ಕಿದ್ದು ನಮ್ಮ ಅಂಗಳದ ನಿತ್ಯಪುಷ್ಪ ಗಿಡದಿಂದ. ಹಾಗೆಂದು ಎಲೆ ಅರೆದು ಕುಡಿಸಲು ಹೋಗಬೇಡಿ, ಗಿಡ ವಿಷವೇ.

ಒಯ್ಯುವಾಗ, ತಂದ ಮೇಲೆ

ನೋವಿನಲ್ಲಿರುವ ನಾಯಿ ಯಜಮಾನನನ್ನೂ ಕಚ್ಚುತ್ತದೆ. ಬಟ್ಟೆಯ ಪಟ್ಟಿಯಿಂದ ಮೂತಿ ಕಟ್ಟಬೇಕು. ವಾಂತಿ ಮಾಡುತ್ತಿದ್ದರೆ, ಉಸಿರಾಟ ಕಷ್ಟವಾಗಿದ್ದರೆ ಕಟ್ಟಬಾರದು. ಹಲಗೆಯ ಮೇಲೋ, ಇಬ್ಬರು ಹಿಡಿದ ಗೋಣಿತಟ್ಟಿನ ಮೇಲೋ ಮಲಗಿಸಿ ಸಾಗಿಸಬೇಕು. ಅರಿವಳಿಕೆ ಕೊಡಬೇಕಾಗಬಹುದಾದ್ದರಿಂದ ದಾರಿಯಲ್ಲಿ ಹಾಲು, ರೊಟ್ಟಿ ತಿನ್ನಿಸಬಾರದು. ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ಇಳಿಯುತ್ತದೆ. ಮುಧೋಳ ನಾಯಿಯಾಗಿದ್ದರೆ ವೈದ್ಯರಿಗೆ ತಿಳಿಸಿರಿ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಈ ತಳಿಯ ಮೈಯಲ್ಲಿ ಕೊಬ್ಬು ಕಡಿಮೆ. ಇಂಥ ಬೇಟೆನಾಯಿಗಳು ಥಯೊಪೆಂಟೋನ್ ಜಾತಿಯ ಅರಿವಳಿಕೆಯಿಂದ ಎಚ್ಚರಗೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ.

ಗಾಯ ತೊಳೆಯುವುದು, ಹೊಲಿಗೆ, ಪ್ಲಾಸ್ಟರ್ ಇವುಗಳಿಗೆ ಮೊದಲು ತಾಲ್ಲೂಕಿನ ಪಶು ಆಸ್ಪತ್ರೆಗೆ ಹೋಗುವುದು ಸರಿ. ತೊಡೆಮೂಳೆಗೆ ಸರಳು ಹಾಕುವಂಥ ಕೆಲಸಕ್ಕೆ ಅವರು ಪಶುವೈದ್ಯಕೀಯ ಕಾಲೇಜಿಗೆ ಕಳಿಸಬಹುದು. ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಸವಣೂರು, ಶಿಗ್ಗಾವಿಯವರಿಗೆ ಲಕ್ಷ್ಮೇಶ್ವರದ ದಾರಿಯಾಗಿ ಗದಗ, ಹಿರೇಕೆರೂರಿನವರಿಗೆ ಶಿಕಾರಿಪುರದ ದಾರಿಯಾಗಿ ಶಿವಮೊಗ್ಗ ಅನುಕೂಲ. ಹೊರಡುವ ಮೊದಲು ದೂರವಾಣಿಯಲ್ಲಿ ವಿಚಾರಿಸಿಕೊಂಡರೆ ಸುಮ್ಮನೆ ತಿರುಗಾಟ ತಪ್ಪುತ್ತದೆ. 1962 ಸಂಖ್ಯೆಯ ಸಂಚಾರಿ ಪಶುಚಿಕಿತ್ಸಾ ವಾಹನ ಮುಖ್ಯವಾಗಿ ದನಕರುಗಳಿಗೆ, ಆದರೂ ಕರೆ ಮಾಡಿ ಕೇಳಲು ಅಡ್ಡಿಯಿಲ್ಲ.

ಹೊಲಿಗೆ ಬಿಚ್ಚುವುದು ಸಾಧಾರಣವಾಗಿ 10 ರಿಂದ 14 ದಿನಕ್ಕೆ. ಅದುವರೆಗೆ ನೆಕ್ಕದಂತೆ ಮಾಡುವುದೇ ಮನೆಯವರ ದೊಡ್ಡ ಕೆಲಸ. ತಳ ಕತ್ತರಿಸಿದ ಹಳೆಯ ಪ್ಲಾಸ್ಟಿಕ್ ಬಕೆಟ್ಟನ್ನು, ಅಂಚಿಗೆ ಬಟ್ಟೆ ಹೊಲಿದು, ತಲೆ ಹಾಯಿಸಿ ಕೊರಳಪಟ್ಟಿಗೆ ಕಟ್ಟಿದರೆ ಸಾಕಾಗುತ್ತದೆ. ಮೊದಲ ದಿನ ನಾಯಿ ಗೋಡೆಗೆ ಹಾಯುತ್ತದೆ, ಎರಡನೆಯ ದಿನಕ್ಕೆ ರೂಢಿಯಾಗುತ್ತದೆ. ಮೂಳೆ ಕೂಡಲು ಎಳೆಯ ಮರಿಗೆ 3-4 ವಾರ, ದೊಡ್ಡ ನಾಯಿಗೆ 8 ರಿಂದ 12 ವಾರ ಬೇಕು. ಕಾಲೂರಿ ಓಡಾಡತೊಡಗಿತೆಂದು ಅದಕ್ಕೆ ಮೊದಲೇ ಹೊಲಕ್ಕೆ ಬಿಟ್ಟರೆ ಸರಳು ಬಾಗುತ್ತದೆ. ಒಳಗೆ ಹಾಕಿದ ಸರಳನ್ನು ತೆಗೆಯಬೇಕೆಂದು ವೈದ್ಯರು ಹೇಳಿದ್ದರೆ ಆ ದಿನ ಹೆಚ್ಚಾಗಿ ಕೊಯ್ಲಿನ ಗಡಿಬಿಡಿಯಲ್ಲೇ ಬಂದು ಮರೆತುಹೋಗುತ್ತದೆ. ದವಾಖಾನೆಯ ಚೀಟಿಯನ್ನು ಬೀಜ, ಗೊಬ್ಬರದ ರಸೀದಿಗಳ ಜೊತೆಯಲ್ಲೇ ಇಟ್ಟುಕೊಂಡರೆ ಕಣ್ಣಿಗೆ ಬೀಳುತ್ತಿರುತ್ತದೆ.